ಪಿನ್‌ಹೋಲ್ ಕ್ಯಾಮೆರಾದಲ್ಲಿ ಬೆಸೆದ ಪನೋರಮಾ: ಬಾದಾಮಿಯ ಕೆರೆಯಂಗಳವನ್ನು ಒಂದೇ ನೆಗೆಟಿವ್‌ನಲ್ಲಿ ಹಿಡಿಯುವ ಬಗೆ

ಬಾದಾಮಿಯ ಅಗಸ್ತ್ಯ ತೀರ್ಥದ ಪೂರ್ವ ದಂಡೆಯಲ್ಲಿ, ಭೂತನಾಥ ಗುಡಿಯ ಹತ್ತಿರ ಪಶ್ಚಿಮಕ್ಕೆ ಮುಖ ಮಾಡಿ ನಿಂತರೆ ಎಡಕ್ಕೆ ಮೇಣಬಸದಿಗಳಿರುವ ದಕ್ಷಿಣದ ಗುಡ್ಡ, ಎದುರಿಗೆ ಕೆರೆಯ ನೀರು ಮತ್ತು ಅದರಾಚೆ ಊರು, ಬಲಕ್ಕೆ ಶಿವಾಲಯಗಳನ್ನು ಹೊತ್ತ ಉತ್ತರದ ಗುಡ್ಡ, ಹೀಗೆ ಅರ್ಧ ವೃತ್ತದಷ್ಟು ನೋಟ ಕಣ್ಣ ಮುಂದೆ ಹರಡಿಕೊಳ್ಳುತ್ತದೆ. ಸಾಮಾನ್ಯ ಕ್ಯಾಮೆರಾದ ಒಂದು ಚೌಕಟ್ಟಿನಲ್ಲಿ ಇದು ಹಿಡಿಯುವುದಿಲ್ಲ. ಬಿಡಿಬಿಡಿಯಾಗಿ ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಹೊಲಿಯಬಹುದು. ಆದರೆ ಜೋಡಣೆಯ ಕೆಲಸವನ್ನು ಫಿಲ್ಮ್‌ನ ಮೇಲೆಯೇ, ಕ್ಯಾಮೆರಾದ ಒಳಗೇ ಮಾಡಿ ಮುಗಿಸುವ ಒಂದು ವಿಧಾನವಿದೆ, ಮತ್ತು ಅದಕ್ಕೆ ಲೆನ್ಸ್ ಬದಲು ಸೂಜಿಮೊನೆಯಷ್ಟು ರಂಧ್ರವಿರುವ ಪಿನ್‌ಹೋಲ್ ಕ್ಯಾಮೆರಾದಷ್ಟು ಒಗ್ಗುವ ಸಾಧನ ಇನ್ನೊಂದಿಲ್ಲ.

ವಿಧಾನದ ತಿರುಳು ಇಷ್ಟು. ಒಂದು ಎಕ್ಸ್‌ಪೋಷರ್ ಕೊಟ್ಟ ಮೇಲೆ, ಅಂದರೆ ಒಮ್ಮೆ ಫಿಲ್ಮ್‌ಗೆ ಬೆಳಕು ತಾಗಿಸಿದ ಮೇಲೆ, ಫಿಲ್ಮ್ ಅನ್ನು ಒಂದು ಪೂರ್ತಿ ಚೌಕಟ್ಟಿನಷ್ಟು ಮುಂದಕ್ಕೆ ಸುತ್ತದೆ, ಅದಕ್ಕಿಂತ ಸ್ವಲ್ಪ ಕಡಿಮೆ ಸುತ್ತಬೇಕು; ಕ್ಯಾಮೆರಾವನ್ನು ಅದಕ್ಕೆ ತಕ್ಕಷ್ಟೇ ತಿರುಗಿಸಿ ಮುಂದಿನ ಎಕ್ಸ್‌ಪೋಷರ್ ಕೊಡಬೇಕು. ಆಗ ಮೊದಲ ಚಿತ್ರದ ಅಂಚು ಎರಡನೆಯದರ ಅಂಚಿನ ಮೇಲೆ ಬಿದ್ದು ಎರಡೂ ಬೆಸೆದುಕೊಳ್ಳುತ್ತವೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಕುಣಿಕೆಗೆ ಕುಣಿಕೆ ಕೂಡಿಸಿ ಒಂದೇ ಬಟ್ಟೆಯಾಗಿಸುವ ಹಾಗೆ, ಇಲ್ಲಿಯೂ ಕೂಡುವ ಜಾಗದಲ್ಲಿ ಎರಡು ಕಡೆಯ ಎಳೆಗಳೂ ಇರುತ್ತವೆ. ಅದು ಚೆನ್ನಾಗಿ ಕೂಡಬೇಕಾದರೆ ಮೂರು ಅಳತೆಗಳು ಪರಸ್ಪರ ತಾಳೆಯಾಗಬೇಕು: ರಂಧ್ರದಿಂದ ಫಿಲ್ಮ್‌ಗಿರುವ ಅಂತರ ಅಂದರೆ ನಾಭಿದೂರ, ಪ್ರತಿ ಸಲ ಫಿಲ್ಮ್ ಸರಿಯುವ ದೂರ, ಮತ್ತು ಕ್ಯಾಮೆರಾ ತಿರುಗುವ ಕೋನ. ಈ ಮೂರನ್ನು ಮನೆಯಲ್ಲೇ ಗಟ್ಟಿ ಮಾಡಿಕೊಂಡು ಹೊರಟವರಿಗೆ ಕೆರೆಯ ದಂಡೆಯಲ್ಲಿ ಉಳಿಯುವುದು ತಾಳ್ಮೆಯ ಕೆಲಸ ಮಾತ್ರ.

ಮೂರು ಅಳತೆಗಳ ತಾಳೆ

120 ಗಾತ್ರದ ರೋಲ್ ಫಿಲ್ಮ್‌ನ ಹಿಂಬದಿಯ ಕಾಗದದ ಮೇಲೆ ಮೂರು ಸಾಲು ಅಂಕಿಗಳು ಅಚ್ಚಾಗಿರುತ್ತವೆ. 6×9 (ಸೆಂ.ಮೀ.) ಚೌಕಟ್ಟಿಗೆ 1ರಿಂದ 8, 6×6ಕ್ಕೆ 1ರಿಂದ 12, 6×4.5ಕ್ಕೆ 1ರಿಂದ 16. ನಮಗೆ ಬೇಕಾದ ಅನುಕೂಲ ಇಲ್ಲಿಯೇ ಇದೆ. 6×6 ಚೌಕಟ್ಟಿನ ಚಿತ್ರದ ಅಗಲ 56 ಮಿ.ಮೀ.; 6×4.5ರ ಸಾಲಿನಲ್ಲಿ ಒಂದು ಅಂಕಿಯಿಂದ ಮುಂದಿನ ಅಂಕಿಗೆ ಇರುವ ಅಂತರ ಸುಮಾರು 47 ಮಿ.ಮೀ. ಆದ್ದರಿಂದ 6×6 ಚೌಕಟ್ಟಿನಲ್ಲಿ ಚಿತ್ರ ತೆಗೆಯುತ್ತ, ಸುತ್ತುವಾಗ ಮಾತ್ರ 6×4.5ರ ಅಂಕಿಗಳನ್ನು ಅನುಸರಿಸಿದರೆ ಪ್ರತಿ ಸಲವೂ 9 ಮಿ.ಮೀ.ನಷ್ಟು ಭಾಗ ಒಂದರ ಮೇಲೊಂದು ಬೀಳುತ್ತದೆ. ಗುಂಡಿಯನ್ನು ಇಂತಿಷ್ಟು ಸುತ್ತು ಎಂದು ಎಣಿಸುವ ಗೋಜಿಲ್ಲ. ಹಾಗೆ ಎಣಿಸಿದರೆ ಅಳತೆ ತಪ್ಪುವುದು ಖಚಿತ, ಏಕೆಂದರೆ ಫಿಲ್ಮ್ ಸುತ್ತಿಕೊಂಡಂತೆ ಸುರುಳಿ ದಪ್ಪವಾಗಿ ಒಂದೇ ಸುತ್ತಿಗೆ ಹೆಚ್ಚು ಹೆಚ್ಚು ಫಿಲ್ಮ್ ಎಳೆದುಕೊಳ್ಳುತ್ತದೆ.

ಇನ್ನು ಕೋನ. ಬೆಸುಗೆಯ ನಟ್ಟನಡುವೆ ಎರಡೂ ಚಿತ್ರಗಳು ಒಂದೇ ವಸ್ತುವನ್ನು ತೋರಿಸಬೇಕು. ಆ ಬಿಂದು ಚೌಕಟ್ಟಿನ ನಡುವಿನಿಂದ 47ರ ಅರ್ಧ, ಅಂದರೆ 23.5 ಮಿ.ಮೀ. ದೂರದಲ್ಲಿದೆ. ನಾಭಿದೂರ 40 ಮಿ.ಮೀ. ಇದ್ದರೆ ಆ ಬಿಂದುವಿನ ಕೋನ 30 ಡಿಗ್ರಿಗಿಂತ ತುಸು ಹೆಚ್ಚು. ಎರಡು ಕಡೆಯೂ ಸೇರಿ ತಿರುಗಬೇಕಾದದ್ದು 60 ಡಿಗ್ರಿ. ನಾನು 40 ಮಿ.ಮೀ. ನಾಭಿದೂರವನ್ನೇ ಶಿಫಾರಸು ಮಾಡುವುದಕ್ಕೆ ಇದೇ ಕಾರಣ. ಆರು ಎಕ್ಸ್‌ಪೋಷರ್‌ಗಳಿಗೆ ಪೂರ್ಣ ವೃತ್ತ ಮುಗಿಯುತ್ತದೆ. ಮೂರು ಎಕ್ಸ್‌ಪೋಷರ್‌ಗಳು ಅರ್ಧ ವೃತ್ತವನ್ನು ತುಂಬುತ್ತವೆ. 25 ಮಿ.ಮೀ. ನಾಭಿದೂರವಾದರೆ ನಾಲ್ಕೇ ಎಕ್ಸ್‌ಪೋಷರ್ ಸಾಕೆಂಬ ಆಸೆ ಹುಟ್ಟಬಹುದು. ಆದರೆ ಅಂಚುಗಳು ಅತಿಯಾಗಿ ಎಳೆದುಕೊಂಡು, ಬೆಳಕೂ ಬಹಳ ಕುಗ್ಗಿ, ಬೆಸುಗೆಗಳು ಕಣ್ಣಿಗೆ ರಾಚುತ್ತವೆ.

ಒಂದು ಮಿತಿಯನ್ನು ಮೊದಲೇ ತಿಳಿದಿರಬೇಕು. ಫಿಲ್ಮ್ ಚಪ್ಪಟೆಯಾಗಿರುವುದರಿಂದ ಬೆಸುಗೆಯ ಅಂಚುಗಳಲ್ಲಿ ಎರಡು ಚಿತ್ರಗಳ ಎತ್ತರದ ಪ್ರಮಾಣ ಸುಮಾರು ಹತ್ತನೇ ಒಂದು ಭಾಗದಷ್ಟು ಬೇರೆಯಾಗಿರುತ್ತದೆ. ಕ್ಯಾಮೆರಾದ ಮಟ್ಟದಲ್ಲೇ ಇರುವ ವಸ್ತುಗಳು, ಅಂದರೆ ದಿಗಂತದ ಸಾಲಿನಲ್ಲಿ ಕಾಣುವವು, ಸರಿಯಾಗಿ ಕೂಡುತ್ತವೆ. ಅದಕ್ಕಿಂತ ಬಹಳ ಮೇಲಿರುವ ಶಿಖರವೋ ಬಹಳ ಕೆಳಗಿರುವ ಮೆಟ್ಟಿಲೋ ಬೆಸುಗೆಯಲ್ಲಿ ಸಿಕ್ಕಿಕೊಂಡರೆ ಎರಡೆರಡಾಗಿ ಮೂಡುತ್ತದೆ. ಫಿಲ್ಮ್ ಅನ್ನು ರಂಧ್ರದ ಸುತ್ತ ಬಾಗಿಸಿದರೆ ಈ ದೋಷ ಇಲ್ಲವಾಗುತ್ತದೆ, ಆಗ 60 ಡಿಗ್ರಿಗೆ ತಕ್ಕ ತ್ರಿಜ್ಯ 45 ಮಿ.ಮೀ. ಆಗುತ್ತದೆ, ಆದರೆ ಬಾಗಿದ ಬೆನ್ನಿರುವ ಪೆಟ್ಟಿಗೆ ಮಾಡುವುದು ಕಷ್ಟದ ಬಡಗಿಗೆಲಸ. ಮೊದಲ ಕ್ಯಾಮೆರಾ ಚಪ್ಪಟೆಯದೇ ಇರಲಿ.

ಪೆಟ್ಟಿಗೆ ಮತ್ತು ರಂಧ್ರ

4 ಮಿ.ಮೀ. ಪ್ಲೈವುಡ್‌ನಲ್ಲಿ ಮೂರು ಕೋಣೆಗಳ ಪೆಟ್ಟಿಗೆ ಮಾಡಿಸಬೇಕು. ನಡುವಿನದು ಚಿತ್ರ ಬೀಳುವ ಕೋಣೆ, ಎರಡು ಪಕ್ಕಗಳಲ್ಲಿ ಸ್ಪೂಲ್‌ಗಳ ಕೋಣೆಗಳು. ನಡುವಿನ ಕೋಣೆಯ ಒಳ ಎತ್ತರ 56 ಮಿ.ಮೀ., ಅಗಲ 60 ಮಿ.ಮೀ. ಇರಲಿ, ಅಗಲ ಸ್ವಲ್ಪ ಹೆಚ್ಚಿರಬೇಕೆಂಬುದರ ಕಾರಣ ಮುಂದೆ ಬರುತ್ತದೆ. ಫಿಲ್ಮ್ ಹಾಯುವ ಅಂಚುಗಳನ್ನು ಪಾಲಿಶ್ ಪೇಪರ್‌ನಿಂದ ಉಜ್ಜಿ ದುಂಡಗೆ ಮಾಡದಿದ್ದರೆ ನೆಗೆಟಿವ್‌ನ ಉದ್ದಕ್ಕೂ ಗೀರುಗಳು ಬೀಳುತ್ತವೆ. ಒಳಗೆ ಹೊಳಪಿಲ್ಲದ ಕಪ್ಪು ಬಣ್ಣ, ಮುಚ್ಚಳದ ಸಂದುಗಳಿಗೆ ಕಪ್ಪು ಫೆಲ್ಟ್ ಬೇಕು. ಬೆನ್ನಿನ ಹಲಗೆಯ ನಡುಗೆರೆಯ ಮೇಲೆ, 6×4.5ರ ಅಂಕಿಗಳು ಹಾಯುವ ಎತ್ತರದಲ್ಲಿ 8 ಮಿ.ಮೀ. ಕಿಂಡಿ ಕೊರೆಯಬೇಕು. ಆ ಸಾಲು ಕಾಗದದ ಒಂದು ಅಂಚಿನ ಬಳಿ ಇರುತ್ತದೆ, ನಡುವೆ ಇರುವುದಿಲ್ಲ. ಬಳಸಿ ಬಿಟ್ಟ ರೋಲ್‌ನ ಹಿಂಬದಿಯ ಕಾಗದವೊಂದನ್ನು ಪೆಟ್ಟಿಗೆಯಲ್ಲಿ ಹಾಯಿಸಿ ನೋಡಿಯೇ ಜಾಗ ಗುರುತಿಸಬೇಕು. ಕಿಂಡಿಗೆ ಕೆಂಪು ಹಾಳೆ ಅಂಟಿಸಿದರೂ ಮೇಲೊಂದು ಮುಚ್ಚಳ ಅಗತ್ಯ, ಏಕೆಂದರೆ ಇಂದಿನ ಪ್ಯಾಂಕ್ರೊಮ್ಯಾಟಿಕ್ ಫಿಲ್ಮ್‌ಗಳು ಕೆಂಪು ಬೆಳಕಿಗೂ ಸ್ಪಂದಿಸುತ್ತವೆ.

ಮನೆಯಲ್ಲಿ ಹಳೆಯ 120 ಬಾಕ್ಸ್ ಕ್ಯಾಮೆರಾ ಇದ್ದರೆ ಅದರ ಲೆನ್ಸ್ ತೆಗೆದು ರಂಧ್ರ ಕೂಡಿಸಬಹುದು. ಆದರೆ ಅದರ ಕಿಂಡಿ ಸಾಮಾನ್ಯವಾಗಿ 6×9ರ ಇಲ್ಲವೇ 6×6ರ ಸಾಲಿಗೆ ಹೊಂದಿರುತ್ತದೆ, ನಾಭಿದೂರವೂ ಬೇರೆಯಿರುತ್ತದೆ. ಮೇಲಿನ ಲೆಕ್ಕವನ್ನು ಹೊಸದಾಗಿ ಹಾಕಿ, ಹೊಸ ಕಿಂಡಿ ಕೊರೆಯಬೇಕಾಗುತ್ತದೆ.

ರಂಧ್ರದ ವ್ಯಾಸಕ್ಕೆ ಬಳಕೆಯಲ್ಲಿರುವ ಸೂತ್ರ, ನಾಭಿದೂರವನ್ನು ಬೆಳಕಿನ ತರಂಗಾಂತರದಿಂದ ಗುಣಿಸಿ, ವರ್ಗಮೂಲ ತೆಗೆದು, 1.9ರಿಂದ ಗುಣಿಸುವುದು. ತರಂಗಾಂತರವನ್ನು 0.00055 ಮಿ.ಮೀ. ಎಂದಿಟ್ಟುಕೊಂಡರೆ 40 ಮಿ.ಮೀ.ಗೆ 0.28 ಮಿ.ಮೀ. ಬರುತ್ತದೆ. ತಂಪು ಪಾನೀಯದ ಡಬ್ಬಿಯ ತಗಡನ್ನು ಚೌಕವಾಗಿ ಕತ್ತರಿಸಿ, ದಪ್ಪ ರಟ್ಟಿನ ಮೇಲಿಟ್ಟು, ಅತಿ ಸಣ್ಣ ಸೂಜಿಯ ತುದಿಯಿಂದ ಮೆಲ್ಲಗೆ ಒತ್ತಬೇಕು. ಆರಂಭದಲ್ಲಿ ತೂತು ಬೀಳಬಾರದು, ಹಿಂಬದಿಯಲ್ಲಿ ಉಬ್ಬು ಮಾತ್ರ ಕಾಣಬೇಕು. ಆ ಉಬ್ಬನ್ನು ನುಣುಪಾದ ಪಾಲಿಶ್ ಪೇಪರ್‌ನ ಮೇಲೆ ತಿಕ್ಕಿ ಸವೆಸಿದಾಗ ತಗಡು ಅಲ್ಲಿ ತೆಳುವಾಗಿ, ಕೊನೆಗೆ ಒಂದು ಚುಕ್ಕೆಯಷ್ಟು ಬೆಳಕು ಹಾಯುತ್ತದೆ. ಬಳಿಕ ಸೂಜಿಯ ತುದಿಯನ್ನು ಅದರಲ್ಲಿಟ್ಟು ಬೆರಳುಗಳ ನಡುವೆ ಹೊರಳಿಸಿ ಅಂಚನ್ನು ದುಂಡಾಗಿಸಬೇಕು. ಅಳೆಯಲು ಸ್ಕ್ಯಾನರ್ ಸಾಕು: 2400 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ 0.28 ಮಿ.ಮೀ. ರಂಧ್ರ 26 ಅಥವಾ 27 ಪಿಕ್ಸೆಲ್ ಅಗಲವಾಗಿ ಕಾಣುತ್ತದೆ. ಅಳತೆಯಲ್ಲಿ ತುಸು ಹೆಚ್ಚು ಕಡಿಮೆಯಾದರೆ ನಡೆಯುತ್ತದೆ, ಆದರೆ ಅಂಚು ಹರಿದ ರಂಧ್ರವನ್ನು ಉಳಿಸಿಕೊಳ್ಳಬೇಡಿ; ಡಬ್ಬಿಯಲ್ಲಿ ತಗಡು ಇನ್ನೂ ಬೇಕಾದಷ್ಟಿರುತ್ತದೆ.

ಬೆಸುಗೆಯನ್ನು ಮೃದುಗೊಳಿಸುವ ಸೀಳು

ಇಷ್ಟರಿಂದಲೇ ಪನೋರಮಾ ಬರುತ್ತದೆ, ಆದರೆ ಬೆಸೆದದ್ದು ಎನ್ನುವಂತೆ ಬರುವುದಿಲ್ಲ. ಚೌಕಟ್ಟಿನ ಅಂಚು ಫಿಲ್ಮ್‌ಗೆ ಹತ್ತಿಕೊಂಡಿರುವುದರಿಂದ ಪ್ರತಿ ಚಿತ್ರವೂ ಕತ್ತರಿಸಿದಂತೆ ನಿಲ್ಲುತ್ತದೆ, ಎರಡು ಎಕ್ಸ್‌ಪೋಷರ್‌ಗಳ ಬೆಳಕು ಕೂಡಿದ 9 ಮಿ.ಮೀ. ಪಟ್ಟಿ ಅಕ್ಕಪಕ್ಕಕ್ಕಿಂತ ಬೆಳ್ಳಗೆ ಎದ್ದು ಕಾಣುತ್ತದೆ. ಕೆಲವರಿಗೆ ಈ ಪಟ್ಟಿಗಳೇ ಇಷ್ಟ. ನನಗೆ ಬಾದಾಮಿಯ ಬಂಡೆಗಳ ಮೇಲೆ ಅವು ಸರಿಬರುವುದಿಲ್ಲ. ಆ ಬಂಡೆಯ ಮೇಲ್ಮೈಯಲ್ಲಿ ಪದರ ಪದರವಾಗಿ ಅಡ್ಡಲಾಗಿ ಹರಿಯುವ ಗೆರೆಗಳನ್ನು ನೆಟ್ಟಗಿನ ಬಿಳಿ ಪಟ್ಟಿಯೊಂದು ಕಡಿದುಹಾಕುತ್ತದೆ.

ಪರಿಹಾರ ಫಿಲ್ಮ್‌ನ ಬಳಿ ಇಲ್ಲ, ರಂಧ್ರದ ಬಳಿ ಇದೆ. ರಂಧ್ರದ ಹಿಂದೆ ಸರಿಯಾಗಿ 1 ಮಿ.ಮೀ. ಅಂತರದಲ್ಲಿ, ನೆಟ್ಟಗೆ ನಿಂತ 1.2 ಮಿ.ಮೀ. ಅಗಲದ ಸೀಳೊಂದನ್ನು ಕೂಡಿಸಬೇಕು. ರಂಧ್ರಕ್ಕೂ ತನ್ನದೇ ಆದ ಅಗಲವಿದೆ. ಫಿಲ್ಮ್‌ನ ಅಂಚಿನ ಕಡೆಯಿಂದ ನೋಡಿದರೆ ಸೀಳಿನ ಬದಿ ಆ ರಂಧ್ರವನ್ನು ಒಮ್ಮೆಲೇ ಮುಚ್ಚುವುದಿಲ್ಲ, ಸ್ವಲ್ಪ ಸ್ವಲ್ಪವಾಗಿ ಮರೆಮಾಡುತ್ತ ಹೋಗುತ್ತದೆ. ಲೆಕ್ಕ ಹಾಕಿದರೆ, ಚೌಕಟ್ಟಿನ ನಡುವಿನಿಂದ ಸುಮಾರು 18 ಮಿ.ಮೀ.ವರೆಗೆ ಪೂರ್ಣ ಬೆಳಕು, ಅಲ್ಲಿಂದ ಇಳಿಯುತ್ತ ಹೆಚ್ಚುಕಡಿಮೆ 23.5ರಲ್ಲಿ ಅರ್ಧ, 29ರ ಸುಮಾರಿಗೆ ಶೂನ್ಯ. ಪಕ್ಕದ ಚಿತ್ರದಲ್ಲಿ ಇದೇ ಇಳಿಜಾರು ಎದುರು ದಿಕ್ಕಿನಲ್ಲಿರುತ್ತದೆ. ಒಂದು ಕುಗ್ಗಿದಷ್ಟನ್ನು ಇನ್ನೊಂದು ತುಂಬಿಕೊಡುತ್ತದೆ. ಹೀಗೆ ಬೆಸುಗೆಯಲ್ಲಿ ಗೆರೆ ಉಳಿಯುವುದಿಲ್ಲ. ಕೋಣೆಯ ಅಗಲವನ್ನು 60 ಮಿ.ಮೀ. ಇಡಲು ಹೇಳಿದ್ದು ಈ ಇಳಿಜಾರು ಮೊಟಕಾಗಬಾರದೆಂದು.

ಮಾಡುವ ಕ್ರಮ ಹೀಗಿದೆ. 1 ಮಿ.ಮೀ. ದಪ್ಪದ ರಟ್ಟಿನಲ್ಲಿ ದೊಡ್ಡ ಕಿಂಡಿ ಕತ್ತರಿಸಿ ರಂಧ್ರದ ತಗಡಿನ ಹಿಂದೆ ಅಂಟಿಸಬೇಕು. ಅದರ ಮೇಲೆ ಶೇವಿಂಗ್ ಬ್ಲೇಡಿನ ಎರಡು ತುಂಡುಗಳನ್ನು, ನೇರ ಅಂಚುಗಳು ಒಂದಕ್ಕೊಂದು ಎದುರಾಗುವಂತೆ ಇಟ್ಟು, ನಡುವೆ 1.2 ಮಿ.ಮೀ. ಡ್ರಿಲ್ ಬಿಟ್ಟಿನ ದಿಂಡನ್ನು ಸಿಕ್ಕಿಸಿ, ಎರಡು ಕಡೆಯಿಂದಲೂ ಅದಕ್ಕೆ ತಾಗಿಸಿ ಟೇಪ್ ಹಚ್ಚಬೇಕು. ಬಳಿಕ ಬಿಟ್ ತೆಗೆಯಬೇಕು. ರಂಧ್ರ ಸೀಳಿನ ಸರಿಯಾದ ನಡುವಿಗೆ ಬರಬೇಕು. ಬ್ಲೇಡುಗಳನ್ನು ಕಪ್ಪು ಮಾರ್ಕರ್‌ನಿಂದ ಕಪ್ಪಾಗಿಸಿದರೆ ಒಳಗೆ ಬೆಳಕು ಪ್ರತಿಫಲಿಸುವುದಿಲ್ಲ. ಪರೀಕ್ಷೆಗೆ ಫಿಲ್ಮ್‌ನ ಜಾಗದಲ್ಲಿ ಟ್ರೇಸಿಂಗ್ ಪೇಪರ್ ಹಚ್ಚಿ, ಹಗಲಿನ ಆಕಾಶದ ಕಡೆಗೆ ಕ್ಯಾಮೆರಾ ಹಿಡಿದು, ತಲೆಯ ಮೇಲೆ ಕಪ್ಪು ಬಟ್ಟೆ ಹೊದ್ದು ನೋಡಬೇಕು. ಎಡ ಬಲ ಅಂಚುಗಳು ಮಬ್ಬಾಗಿ ಕರಗುತ್ತಿದ್ದರೆ ಕೆಲಸ ಸರಿಯಾಗಿದೆ. ಒಂದೇ ಕಡೆ ಹೆಚ್ಚು ಕತ್ತಲೆಯಿದ್ದರೆ ಸೀಳು ಆ ಕಡೆಗೋ ಈ ಕಡೆಗೋ ಸರಿದಿದೆ ಎಂದರ್ಥ. ಸೀಳು ಕೂದಲೆಳೆಯಷ್ಟು ಸರಿದರೂ ಫಿಲ್ಮ್‌ನಲ್ಲಿ ಅದು 40 ಪಟ್ಟಾಗುತ್ತದೆ.

ತಿರುಗುವ ತಟ್ಟೆ ಮತ್ತು ದಿಕ್ಕು

60 ಡಿಗ್ರಿಯ ಗುರುತುಗಳಿಗೆ ಕೋನಮಾಪಕವೂ ಬೇಡ. ಪ್ಲೈವುಡ್ ತಟ್ಟೆಯ ಮೇಲೆ ಕೈವಾರದಿಂದ ವೃತ್ತ ಎಳೆದು, ಕೈವಾರದ ಅಗಲವನ್ನು ಬದಲಿಸದೆ ಅದೇ ತ್ರಿಜ್ಯವನ್ನು ಪರಿಧಿಯ ಮೇಲೆ ಇಟ್ಟುಕೊಂಡು ಹೋದರೆ ಸರಿಯಾಗಿ ಆರು ಭಾಗವಾಗುತ್ತದೆ. ತಟ್ಟೆ ಟ್ರೈಪಾಡಿಗೆ ಬಿಗಿದಿರಬೇಕು, ಕ್ಯಾಮೆರಾ ಅದರ ಮೇಲೆ ತಿರುಗಬೇಕು. ತಿರುಗುವ ಅಕ್ಷ ರಂಧ್ರದ ನೇರ ಕೆಳಗೇ ಇರಬೇಕೆಂಬುದನ್ನು ಮರೆಯಬಾರದು. ಪೆಟ್ಟಿಗೆಯ ತಳದಿಂದ ಒಂದು ಪಟ್ಟಿಯನ್ನು ಮುಂದಕ್ಕೆ ಚಾಚಿ, ಅಲ್ಲಿ ಬೋಲ್ಟ್ ಕೂಡಿಸಿ. ಅಕ್ಷ ಹಿಂದಿದ್ದರೆ ದೂರದ ಗುಡ್ಡಕ್ಕೆ ಏನೂ ಆಗದು, ಎರಡು ಮಾರು ದೂರದ ಕಂಬ ಮಾತ್ರ ಒಂದೊಂದು ಚಿತ್ರದಲ್ಲಿ ಒಂದೊಂದು ಕಡೆ ನಿಲ್ಲುತ್ತದೆ. ತಟ್ಟೆ ಮಟ್ಟವಾಗಿರಲು ಗಾರೆ ಕೆಲಸದವರು ಬಳಸುವ ರಸಮಟ್ಟ ಸಾಕು. ಅದನ್ನು ಒಂದು ದಿಕ್ಕಿನಲ್ಲಿ ನೋಡಿ ಬಿಡದೆ, ಅಡ್ಡಲಾಗಿಯೂ ಇಟ್ಟು ನೋಡಬೇಕು.

ಯಾವ ಕಡೆಗೆ ತಿರುಗಿಸಬೇಕು ಎಂಬಲ್ಲಿ ಬಹಳ ಜನ ಎಡವುತ್ತಾರೆ, ಇಲ್ಲಿ ಎಡವಿದರೆ ಇಡೀ ರೋಲ್ ಹಾಳು. ನಿಯಮ ಸರಳವಾಗಿದೆ: ಕ್ಯಾಮೆರಾದ ಹಿಂದೆ ನಿಂತಾಗ ಫಿಲ್ಮ್ ನಿಮ್ಮ ಯಾವ ಕೈಯ ಕಡೆಗೆ ಸುತ್ತಿಕೊಳ್ಳುತ್ತದೆಯೋ, ಕ್ಯಾಮೆರಾವನ್ನೂ ಆ ಕೈಯ ಕಡೆಗೇ ತಿರುಗಿಸಬೇಕು. ರಂಧ್ರದ ಮೂಲಕ ಬರುವ ಚಿತ್ರ ಎಡಬಲ ಅದಲುಬದಲಾಗಿರುತ್ತದೆ. ಫಿಲ್ಮ್ ಬಲಕ್ಕೆ ಸರಿದಾಗ ಹೊಸ ಚಿತ್ರ ಹಳೆಯದರ ಎಡಕ್ಕೆ ಬೀಳುತ್ತದೆ. ಹಳೆಯದರ ಎಡ ಅಂಚಿನಲ್ಲಿರುವುದು ದೃಶ್ಯದ ಬಲ ತುದಿ. ಆದ್ದರಿಂದ ಮುಂದಿನ ನೋಟ ಬಲದ್ದೇ ಆಗಿರಬೇಕು. ಬಲಗೈ ಸುತ್ತಿನ ಕ್ಯಾಮೆರಾದಲ್ಲಿ ಭೂತನಾಥದ ಕಡೆಯಿಂದ ದಕ್ಷಿಣದ ಗುಡ್ಡ ಮೊದಲು, ಊರು ನಂತರ, ಉತ್ತರದ ಗುಡ್ಡ ಕೊನೆಗೆ. ಬಾಣದ ಗುರುತೊಂದನ್ನು ಪೆಟ್ಟಿಗೆಯ ನೆತ್ತಿಯ ಮೇಲೆ ಬರೆದಿಡುವುದು ಒಳ್ಳೆಯದು.

ಬೆಳಕಿನ ಲೆಕ್ಕ

40ನ್ನು 0.28ರಿಂದ ಭಾಗಿಸಿದರೆ ಸುಮಾರು 143. ಅಂದರೆ ಇದು ಎಫ್/143 ದ್ವಾರ; ಈ ಅಂಕಿ ಹೆಚ್ಚಿದಷ್ಟೂ ಫಿಲ್ಮ್‌ಗೆ ಸಿಗುವ ಬೆಳಕು ಕಡಿಮೆ. ಎಫ್/16ರಲ್ಲಿ ಬೇಕಾದ ಸಮಯದ 80 ಪಟ್ಟು ಇಲ್ಲಿ ಬೇಕು. ಬಿರುಬಿಸಿಲಿನಲ್ಲಿ ಐಎಸ್‌ಒ 125 ಸಂವೇದನೆಯ ಫಿಲ್ಮ್‌ಗೆ ಎಫ್/16ರಲ್ಲಿ ಸೆಕೆಂಡಿನ 125ನೇ ಒಂದು ಭಾಗ ಸಾಕಾಗುವುದರಿಂದ ನಮಗೆ 0.64 ಸೆಕೆಂಡು ಬೇಕು. ಕೈಯಿಂದ ಮುಚ್ಚಿ ತೆರೆಯುವ ಶಟರ್‌ಗೆ ಇದು ತೀರ ಕಡಿಮೆ ಸಮಯ, ಪ್ರತಿ ಸಲ ಒಂದೇ ಆಗಿ ಬರುವುದಿಲ್ಲ. ರಂಧ್ರದ ಮುಂದೆ ಕಿತ್ತಳೆ ಫಿಲ್ಟರ್ ಇಟ್ಟರೆ ಬೆಳಕು ಎರಡು ಸ್ಟಾಪ್, ಅಂದರೆ ನಾಲ್ಕನೇ ಒಂದು ಭಾಗಕ್ಕೆ ಇಳಿದು 2.5 ಸೆಕೆಂಡು ಆಗುತ್ತದೆ, ಜೊತೆಗೆ ಕೆಂಪು ಮರಳುಗಲ್ಲು ಬೆಳಗಿ, ನೀಲಿ ಆಕಾಶ ಕಪ್ಪೇರುತ್ತದೆ. ಬಾದಾಮಿಯ ಕಲ್ಲಿಗೆ ಇದಕ್ಕಿಂತ ಹೊಂದುವ ಫಿಲ್ಟರ್ ನನಗೆ ತೋಚುವುದಿಲ್ಲ.

ಒಂದು ಸೆಕೆಂಡನ್ನು ಮೀರಿದ ಎಕ್ಸ್‌ಪೋಷರ್‌ಗಳಲ್ಲಿ ಫಿಲ್ಮ್‌ನ ಸಂವೇದನೆ ಕುಗ್ಗುತ್ತದೆ. ರೆಸಿಪ್ರಾಸಿಟಿ ಫೇಲ್ಯೂರ್ ಎನ್ನುವುದು ಇದನ್ನೇ. ಇಲ್ಫರ್ಡ್ ಎಫ್‌ಪಿ4 ಪ್ಲಸ್ ಎಂಬ ಐಎಸ್‌ಒ 125 ಫಿಲ್ಮ್‌ಗೆ ತಯಾರಕರು ಕೊಡುವ ಸೂತ್ರದಂತೆ ಲೆಕ್ಕದ ಸಮಯವನ್ನು 1.26ರ ಘಾತಕ್ಕೆ ಏರಿಸಬೇಕು. 2.5 ಸೆಕೆಂಡು ಸುಮಾರು 3 ಆಗುತ್ತದೆ, 5 ಸುಮಾರು 7.5, 10 ಸುಮಾರು 18, 20 ಸುಮಾರು 44. ಫೋಮಾಪ್ಯಾನ್ 100ರಲ್ಲಿ ಈ ಕುಸಿತ ಬಹಳ ತೀವ್ರ, ಲೆಕ್ಕದ 10 ಸೆಕೆಂಡು ಅಲ್ಲಿ 80 ಆಗುತ್ತದೆ. ನೆರಳಿನ ಕೆಲಸಕ್ಕೆ ಅದನ್ನು ಆರಿಸಬಾರದು.

ಒಂದು ಪನೋರಮಾದ ಎಲ್ಲ ಎಕ್ಸ್‌ಪೋಷರ್‌ಗಳೂ ಒಂದೇ ಸಮಯದವಾಗಿರಬೇಕು. ನೆರಳಿನ ಬದಿಗೆ ಹೆಚ್ಚು, ಬಿಸಿಲ ಬದಿಗೆ ಕಡಿಮೆ ಎಂದು ಬದಲಿಸುತ್ತ ಹೋದರೆ ಬೆಸುಗೆಯಲ್ಲಿ ಆಕಾಶದ ಬಣ್ಣ ಮೆಟ್ಟಿಲು ಮೆಟ್ಟಿಲಾಗುತ್ತದೆ. ಸೂರ್ಯನೂ ಚೌಕಟ್ಟಿನೊಳಗೆ ಬರಬಾರದು. ಈ ಕ್ಯಾಮೆರಾ ಮಟ್ಟದಿಂದ ಮೇಲಕ್ಕೆ 35 ಡಿಗ್ರಿವರೆಗೆ ನೋಡುತ್ತದೆ. ಬಾದಾಮಿಯಲ್ಲಿ ವರ್ಷದ ಯಾವ ಕಾಲದಲ್ಲಾದರೂ ಬೆಳಿಗ್ಗೆ 10ರಿಂದ ಮಧ್ಯಾಹ್ನ 3ರವರೆಗೆ ಸೂರ್ಯ ಅದಕ್ಕಿಂತ ಮೇಲಿರುತ್ತಾನೆ. ಪೂರ್ಣ ವೃತ್ತಕ್ಕೆ ಆ ಹೊತ್ತು, ಇಲ್ಲವೇ ಶ್ರಾವಣದ ಮೋಡದ ಯಾವುದೇ ಹೊತ್ತು. ಪಶ್ಚಿಮದ ಅರ್ಧ ವೃತ್ತ ಮಾತ್ರ ಸಾಕೆಂದರೆ ಸೂರ್ಯ ಬೆನ್ನ ಹಿಂದಿರುವ ಬೆಳಗಿನ ಹೊತ್ತೇ ಲೇಸು.

ಸ್ಥಳದಲ್ಲಿ

ಪುರಾತತ್ತ್ವ ಇಲಾಖೆಯ ಸಂರಕ್ಷಿತ ಸ್ಮಾರಕಗಳ ಆವರಣದಲ್ಲಿ ಟ್ರೈಪಾಡ್ ಬಳಸಲು ಮುಂಚಿತವಾಗಿ ಅನುಮತಿ ಪಡೆಯಬೇಕು. ಬಾದಾಮಿಯ ಮಂಗಗಳು ಚೀಲಕ್ಕೆ ಕೈ ಹಾಕುವಷ್ಟು ಧೈರ್ಯದವು, ಆದ್ದರಿಂದ ಬಿಡಿ ರೋಲ್‌ಗಳನ್ನು ಕಿಸೆಯಲ್ಲಿಡಬೇಕು.

ಮೊದಲು ತಟ್ಟೆಯನ್ನು ಮಟ್ಟ ಮಾಡಿ, ಫಿಲ್ಮ್ ಸುತ್ತುವ ಮೊದಲೇ ಕ್ಯಾಮೆರಾವನ್ನು ಗುರುತಿನಿಂದ ಗುರುತಿಗೆ ತಿರುಗಿಸಿ ಬೆಸುಗೆಗಳು ಎಲ್ಲಿ ಬೀಳುತ್ತವೆಂದು ನೋಡಬೇಕು. ಎರಡು ಗುರುತುಗಳ ಸರಿಯಾದ ನಡುವಿನ ದಿಕ್ಕೇ ಬೆಸುಗೆ. ಅಲ್ಲಿ ಗುಡಿಯ ಶಿಖರ ಬಂದರೆ ಇಡೀ ತಟ್ಟೆಯನ್ನು ಕೆಲವು ಡಿಗ್ರಿ ತಿರುಗಿಸಿ, ಬೆಸುಗೆ ಬರಿ ಬಂಡೆಯ ಮೇಲೋ ನೀರಿನ ಮೇಲೋ ಗಿಡಗಳ ಮೇಲೋ ಬೀಳುವಂತೆ ಮಾಡಬೇಕು. ಎರಡು ಎಕ್ಸ್‌ಪೋಷರ್ ಕೂಡುವಲ್ಲಿ ಬೆಳಕಿನದೇ ಮೇಲುಗೈ: ಒಂದರ ಕಪ್ಪು ಶಿಖರದ ಮೇಲೆ ಇನ್ನೊಂದರ ಆಕಾಶ ಬಿದ್ದರೆ ಶಿಖರ ಅಳಿಸಿಹೋಗುತ್ತದೆ. ಇಡೀ ಕೆಲಸದಲ್ಲಿ ಕಲೆಗಾರಿಕೆ ಬೇಡುವ ಹಂತ ಇದೇ, ಇದಕ್ಕೆ ಎಷ್ಟು ಸಮಯ ಕೊಟ್ಟರೂ ವ್ಯರ್ಥವಲ್ಲ.

ಕಿಂಡಿಯಲ್ಲಿ 2 ಕಾಣುವವರೆಗೆ ಫಿಲ್ಮ್ ಸುತ್ತಿ ಅಲ್ಲಿಂದ ಆರಂಭಿಸಿ; 1ರಲ್ಲಿ ಆರಂಭಿಸಿದರೆ ಚಿತ್ರದ ತುದಿ ಫಿಲ್ಮ್‌ನ ಅಂಚನ್ನು ಮೀರುವ ಅಪಾಯವಿದೆ. ಬಳಿಕ ಕ್ರಮ ಒಂದೇ: ತೆರೆ, ಎಣಿಸು, ಮುಚ್ಚು, ಸುತ್ತು, ತಿರುಗಿಸು. ಸುತ್ತುವುದನ್ನೂ ತಿರುಗಿಸುವುದನ್ನೂ ಯಾವಾಗಲೂ ಜೋಡಿಯಾಗಿ, ಇದೇ ಕ್ರಮದಲ್ಲಿ ಮಾಡಬೇಕು. ನಡುವೆ ಯಾರಾದರೂ ಬಂದು ಇದೇನು ಪೆಟ್ಟಿಗೆ ಎಂದು ಕೇಳಿದರೆ, ಆ ಜೋಡಿ ಮುಗಿದ ಮೇಲೆಯೇ ಉತ್ತರಿಸುವುದು ಕ್ಷೇಮ. ಅಂಕಿ ಪ್ರತಿ ಸಲವೂ ಕಿಂಡಿಯ ನಡುವೆಯೇ ನಿಲ್ಲಬೇಕು, ಮೀರಿ ಸುತ್ತಿದರೆ ಹಿಂದಕ್ಕೆ ಬರಲಾಗದು. 2ರಿಂದ 7 ಒಂದು ಪೂರ್ಣ ವೃತ್ತ, 8 ಖಾಲಿ, 9ರಿಂದ 14 ಇನ್ನೊಂದು. ಅರ್ಧ ವೃತ್ತಗಳಾದರೆ ನಡುವೆ ಒಂದೊಂದು ಅಂಕಿ ಬಿಟ್ಟು 2, 6, 10, 14ರಿಂದ ಆರಂಭಿಸಿದಾಗ ಒಂದು ರೋಲ್‌ಗೆ ನಾಲ್ಕು ಸಿಗುತ್ತವೆ.

ಸಂಸ್ಕರಣೆ ಮತ್ತು ಮುದ್ರಣ

ಲ್ಯಾಬಿಗೆ ಕೊಡುವುದಾದರೆ ಫಿಲ್ಮ್ ಅನ್ನು ಕತ್ತರಿಸದೆ ಉದ್ದಕ್ಕೇ ಕೊಡಬೇಕೆಂದು ಚೀಟಿ ಬರೆದು ಅಂಟಿಸಿ. ಮನೆಯಲ್ಲಾದರೆ ಎಫ್‌ಪಿ4 ಪ್ಲಸ್‌ಗೆ ಡಿ-76 ಡೆವಲಪರ್ ದ್ರಾವಣಕ್ಕೆ ಸಮಪಾಲು ನೀರು ಬೆರೆಸಿ, 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 11 ನಿಮಿಷ. ನಮ್ಮ ಜಿಲ್ಲೆಯಲ್ಲಿ ಮಾರ್ಚ್ ಬಂದರೆ ನಲ್ಲಿಯ ನೀರು 20 ಡಿಗ್ರಿಯಲ್ಲಿ ಸಿಗುವ ಮಾತಿಲ್ಲ. ಒಂದೊಂದು ಡಿಗ್ರಿ ಹೆಚ್ಚಿದಂತೆ ಸಮಯವನ್ನು ಸುಮಾರು ಹತ್ತನೇ ಒಂದು ಭಾಗ ಇಳಿಸಬಹುದಾದರೂ, ದ್ರಾವಣದ ಬಾಟಲಿಗಳನ್ನೂ ಟ್ಯಾಂಕನ್ನೂ ಮಂಜುಗಡ್ಡೆ ಹಾಕಿದ ಬುಟ್ಟಿಯ ನೀರಿನಲ್ಲಿಟ್ಟು ತಣಿಸುವುದೇ ಮೇಲು. ಸಮಯ ತೀರ ಕಡಿಮೆಯಾದಷ್ಟೂ ಆಕಾಶದಲ್ಲಿ ಅಸಮ ಕಲೆಗಳು ಮೂಡುವ ಸಂಭವ ಹೆಚ್ಚು. ತೊಳೆಯುವ ನೀರನ್ನೂ ಅದೇ ತಂಪಿಗೆ ಹತ್ತಿರ ಇಡಬೇಕು.

ಪೂರ್ಣ ವೃತ್ತದ ನೆಗೆಟಿವ್ ಸುಮಾರು 29 ಸೆಂ.ಮೀ. ಉದ್ದವಿರುತ್ತದೆ. ಸಾಮಾನ್ಯ ಸ್ಕ್ಯಾನರ್ ಹಿಡಿಕೆಗಳಲ್ಲಿ ಅಷ್ಟು ಉದ್ದ ಕೂರದು, ಎರಡು ಸಲ ಸ್ಕ್ಯಾನ್ ಮಾಡಿ ಕೂಡಿಸಬೇಕಾಗುತ್ತದೆ. ಅದಕ್ಕಿಂತ ನೇರವಾದ ದಾರಿ ಕಾಂಟ್ಯಾಕ್ಟ್ ಪ್ರಿಂಟ್. 10×12 ಇಂಚಿನ ಕಾಗದದ ಉದ್ದ ಬದಿ 30.5 ಸೆಂ.ಮೀ. ಆದ್ದರಿಂದ ನೆಗೆಟಿವ್ ಸರಿಯಾಗಿ ಕೂರುತ್ತದೆ, ಒಂದೇ ಹಾಳೆಯಲ್ಲಿ ಎರಡೂ ವೃತ್ತಗಳನ್ನು ಮೇಲೆ ಕೆಳಗೆ ಇಡಬಹುದು. ಕಾಗದದ ಮೇಲೆ ನೆಗೆಟಿವ್, ಅದರ ಮೇಲೆ ಗೀರಿಲ್ಲದ ದಪ್ಪ ಗಾಜು.

ಮುದ್ರಿಸಿದಾಗ ಬೆಸುಗೆಗಳ ಸುತ್ತ ನಸುಗಪ್ಪು ಕಂಡರೆ ಗಾಬರಿ ಬೇಡ. ಚಪ್ಪಟೆ ಫಿಲ್ಮ್‌ನಲ್ಲಿ ಅಂಚಿಗೆ ಬೀಳುವ ಬೆಳಕು ನಡುವಿಗಿಂತ ಕಡಿಮೆ. ಈ ಕ್ಯಾಮೆರಾದಲ್ಲಿ ಬೆಸುಗೆಯ ಜಾಗಕ್ಕೆ ನಡುವಿನ 55 ಶೇಕಡಾ ಮಾತ್ರ ಸಿಗುತ್ತದೆ. ಮುದ್ರಣದ ಒಟ್ಟು ಸಮಯದ ಮೂರನೇ ಒಂದು ಭಾಗದವರೆಗೆ, ತೆಳು ತಂತಿಗೆ ಅಂಟಿಸಿದ ರಟ್ಟಿನ ಪಟ್ಟಿಯನ್ನು ಬೆಸುಗೆಯ ಮೇಲೆ ಒಂದು ಗೇಣು ಎತ್ತರದಲ್ಲಿ ಹಿಡಿದು ಅಲುಗಾಡಿಸುತ್ತಿದ್ದರೆ ಆ ಕಪ್ಪು ತಿಳಿಯಾಗುತ್ತದೆ. ಪಟ್ಟಿಯ ಅಗಲ 2 ಸೆಂ.ಮೀ. ಇರಲಿ, ಅದರ ನೆರಳಿನ ಅಂಚು ಒಂದೇ ಕಡೆ ನಿಲ್ಲದಂತೆ ಕೈ ಆಡುತ್ತಲೇ ಇರಲಿ.